ಸ್ಟ್ರಾನಿಯೋ, ವಲೇರಿಯಾ
(ಜ. 1976) ಇಟಲಿಯ ಮ್ಯಾರಥಾನ್ ಓಟಗಾರ್ತಿ. ಹುಟ್ಟೂರು ಪೀಡ್‌ಮಾಂಟ್ ಪ್ರಾಂತದ ಅಲೆಸ್ಸಾಂದ್ರಿಯಾ. ಬಹುತೇಕ ಓಟಗಾರರು ನಿವೃತ್ತಿಯ ಯೋಚನೆಯಲ್ಲಿರುವ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ತಾಯಿಯಾದ ಮೇಲೆ, ಈಕೆಯ ಅಂತರರಾಷ್ಟ್ರೀಯ ಓಟ ಕಳೆಗಟ್ಟಿತು. ಈ ತಡಕ್ಕೆ ಕಾರಣ ರಕ್ತದಲ್ಲಿತ್ತು. ಈಕೆಗೆ ಇದ್ದದ್ದು ಕೆಂಪು ರಕ್ತಕಣಗಳು ತಟ್ಟೆಯಾಕಾರದ ಬದಲು ಗೋಲಾಕಾರ ತಳೆಯುವ ಆನುವಂಶಿಕ ಕಾಯಿಲೆ. ಅಂಥ ಕಣಗಳನ್ನು ಗುಲ್ಮ ಬೇಗನೆ ಒಡೆದುಹಾಕುವುದರಿಂದ ರಕ್ತಹೀನತೆ ಉಂಟಾಗುತ್ತದೆ. ದೂರದ ಓಟಕ್ಕೆ ಬೇಕಾದ ಆಮ್ಲಜನಕ ಸ್ನಾಯುಗಳಿಗೆ ಸಾಲದು. 2010ರಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಲ್ಮವನ್ನು ತೆಗೆಸಿಕೊಂಡ ಮೇಲೆ ಓಟದ ಅವಧಿ ಸರಸರನೆ ಇಳಿಯಿತು.

2012ರಲ್ಲಿ ರಾಟರ್‌ಡ್ಯಾಮ್‌ನಲ್ಲಿ 2 ಗಂಟೆ 23 ನಿಮಿಷ 44 ಸೆಕೆಂಡಿನಲ್ಲಿ ಓಡಿ, ಮೌರಾ ವಿಚೆಕೋಂತೆಯ ಹೆಸರಿನಲ್ಲಿದ್ದ ರಾಷ್ಟ್ರೀಯ ದಾಖಲೆಯನ್ನು ಮೂರೇ ಸೆಕೆಂಡಿನಿಂದ ಮುರಿದಳು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಎಂಟನೆಯವಳಾಗಿ ಗುರಿ ಮುಟ್ಟಿದಳು.

ವೃತ್ತಿಜೀವನದ ಶಿಖರ 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್. ಸುಡುಬಿಸಿಲಿನಲ್ಲಿ, 37ರ ಹರೆಯದ ಸ್ಟ್ರಾನಿಯೋ ಆರಂಭದಿಂದಲೇ ಮುಂದಾಳಾಗಿ ಓಡಿದಳು. ಹಿಂದೆ ಅಡಗಿ ಓಡಿ ಕೊನೆಗೆ ಮುನ್ನುಗ್ಗುವುದು ಇಂಥ ಸ್ಪರ್ಧೆಗಳ ರೂಢಿ. ಅದನ್ನು ಈಕೆ ಲೆಕ್ಕಿಸಲಿಲ್ಲ. ಒಬ್ಬೊಬ್ಬರಾಗಿ ಕಳಚಿಕೊಂಡು ಕೊನೆಗೆ ಬೆನ್ನಿಗೆ ಉಳಿದವಳು ಕೀನ್ಯಾದ ಎಡ್ನಾ ಕಿಪ್ಲಗಾಟ್ ಮಾತ್ರ. 40 ಕಿ.ಮೀ. ಸುಮಾರಿಗೆ ಕಿಪ್ಲಗಾಟ್ ಮುಂದೆ ಹೋಗಿ 14 ಸೆಕೆಂಡಿನ ಅಂತರದಲ್ಲಿ ಚಿನ್ನ ಗೆದ್ದಳು. ಸ್ಟ್ರಾನಿಯೋಳ ಬೆಳ್ಳಿ (2:25:58) ಅನೇಕ ಚಿನ್ನಗಳಿಗಿಂತ ಸ್ಮರಣೀಯ ಎನ್ನಬೇಕು. ಮರುವರ್ಷ ಜ್ಯೂರಿಕ್ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲೂ ಬೆಳ್ಳಿಯೇ. ಅಲ್ಲಿ ಗೆದ್ದವಳು ಫ್ರಾನ್ಸಿನ ಕ್ರಿಸ್ಟೆಲ್ ದೋನೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲೂ, 40ನೆಯ ವಯಸ್ಸಿನಲ್ಲಿ, ಓಡಿದಳು. ರಾಟರ್‌ಡ್ಯಾಮ್ ದಾಖಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.