ಅಗಿಮಡಿ ನಮ್ಮ ಹಿತ್ತಲದಿಂದ ಹೋಗಿದ್ದು ಹೆಂಗ? ಬ್ಯಾಸಗಿ ಟಮಾಟಿಯ ಹಿಂದಿನ ಕಥಿ

ಯಲ್ಲಮ್ಮನ ಭಾರತ ಹುಣ್ಣಿಮಿ ಜಾತ್ರಿ ಮುಗದು ಯುಗಾದಿ ಇನ್ನೂ ಮುಂದ ಇರುವಾಗ, ಬಾವಿ-ಬೋರಿನ್ಯಾಗ ನೀರಿದ್ದವರು ಬ್ಯಾಸಗಿ ಟಮಾಟಿ ಹಚ್ಚಾಕ ತಯಾರಿ ನಡಸ್ತಾರ. ಬೈಲಹೊಂಗಲ ಇರಲಿ, ರಾಮದುರ್ಗ ಇರಲಿ, ಈಗ ಎಲ್ಲರೂ ಕೇಳೋದು ಒಂದ ಮಾತು: "ಅಗಿ ಎಲ್ಲಿಂದ ತಂದ್ರಿ? ಒಂದಕ್ಕ ಎಷ್ಟ ಬಿತ್ತು?" ಹಿಂದಕ ಈ ಪ್ರಶ್ನಿನ ಇರಲಿಲ್ಲ. ಅಗಿ ಮನಿ ಹಿತ್ತಲದಾಗ, ಇಲ್ಲಾ ಬಾವಿ ಹತ್ತಿರದ ಮಡಿಯೊಳಗ ಬೆಳೀತಿತ್ತು. ಅದು ನರ್ಸರಿಗೆ ಹೋಗಿದ್ದು ಹೆಂಗ, ಅದರಿಂದ ನಾವು ಗಳಿಸಿದ್ದೇನು, ಕಳಕೊಂಡಿದ್ದೇನು ಅನ್ನೋದನ್ನ ಈ ಸಲ ಬರದೇನಿ.

ಮೊದಲು ಟಮಾಟಿ ಊರು ಯಾವುದು ನೋಡೋಣ. ಇದರ ಕಾಡು ಬಳಗ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯದು. ಬೆಳೆಯಾಗಿ ಪಳಗಿದ್ದು ಮೆಕ್ಸಿಕೋದಾಗ. ಹೆಸರು ಬಂದಿದ್ದೂ ಅಲ್ಲಿಯ ಮೂಲನಿವಾಸಿಗಳ ಭಾಷೆಯಿಂದ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮ್ಯಾಲೆ ಅಮೆರಿಕದ ಮೆಣಸಿನಕಾಯಿ ನಮ್ಮ ಕಡೆ ಬಂತು, ಅಡಗಿಮನಿ ಪೂರಾ ತನ್ನದ ಮಾಡಿಕೊಂತು. ಗೋವಾ ನಮಗ ಇಷ್ಟ ಹತ್ತಿರ ಇದ್ರೂ ಟಮಾಟಿ ಹಂಗ ಬರಲಿಲ್ಲ. 1890ರ ಆಸುಪಾಸಿನಲ್ಲಿ ಜಾರ್ಜ್ ವ್ಯಾಟ್ ಅನ್ನೋ ಬ್ರಿಟಿಷ್ ಅಧಿಕಾರಿ ಭಾರತದ ಬೆಳೆಗಳ ಬಗ್ಗೆ ದೊಡ್ಡ ಕೋಶ ಬರೆದಾಗ, ಟಮಾಟಿಯನ್ನ ಮುಖ್ಯವಾಗಿ ಬಿಳಿಯರ ಸಲುವಾಗಿ ಬೆಳೀತಾರ, ಈ ದೇಶದ ಜನ ಈಗೀಗ ರುಚಿ ಹಿಡಿಯಾಕ ಹತ್ತ್ಯಾರ ಅನ್ನೋ ಅರ್ಥದಾಗ ದಾಖಲಿಸಿದ.

ನಮಗ ಹುಳಿಗೆ ಹುಣಸಿ ಇತ್ತು, ಮಾವಿನಕಾಯಿ ಇತ್ತು, ಪುಂಡಿಪಲ್ಲೆ ಇತ್ತು. ಎಳ್ಳ ಅಮಾಸಿ ಚರಗದ ಬುತ್ತಿ ನೆನಸ್ಕೊಳ್ರಿ: ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಪುಂಡಿಪಲ್ಲೆ, ಕಡಬು. ಟಮಾಟಿ ಇಲ್ಲದನ ಆ ಬುತ್ತಿ ತುಂಬತೈತಿ.

ಆದ್ರ ಬೆಳಿ ಹೊಸದಾದ್ರೂ ಅಗಿ ಮಾಡೋ ವಿದ್ಯಾ ಹೊಸದಲ್ಲ. ಬದನಿ ನಮ್ಮ ದೇಶದ್ದ ಬೆಳಿ. ಬದನಿ, ಮೆಣಸಿನಕಾಯಿ, ಟಮಾಟಿ, ನಿಪ್ಪಾಣಿ ಕಡೆಯ ತಂಬಾಕು, ಎಲ್ಲಾ ಒಂದ ಕುಟುಂಬದವು. ಎಲ್ಲಾನೂ ಮಡಿಯೊಳಗ ಎಬ್ಬಿಸಿ, ಕಿತ್ತು ಹಚ್ಚೋವು. ಟಮಾಟಿಗೆ ಕನ್ನಡದಾಗ ಚಪ್ಪರಬದನೆ ಅನ್ನೋ ಹೆಸರು ಐತಿ. ಬಂಗಾಲಿಯವರು ವಿಲಾಯ್ತಿ ಬದನಿ ಅನ್ನೋ ಅರ್ಥದ ಹೆಸರಿಟ್ಟರು. ಗಿಡ ನೋಡಿದ ಕೂಡಲೇ ಜನರಿಗೆ ಬದನಿ ಸಂಬಂಧಿ ಅಂತ ತಿಳೀತು. ಹಿಂಗಾಗಿ ಬದನಿ ಮಡಿಯ ಪದ್ಧತಿನ ಟಮಾಟಿಗೂ ನಡೀತು: ಏರು ಮಡಿ, ಜರಡಿ ಹಿಡಿದ ತಿಪ್ಪಿಗೊಬ್ಬರ, ಇರುವಿ ಎಳಕೊಂಡ ಹೋಗಬಾರದಂತ ಬೂದಿ, ಮ್ಯಾಲೆ ತೆಳ್ಳಗ ಹುಲ್ಲು. ಚಲೋ ಗಿಡದ ಹಣ್ಣು ಬಿಟ್ಟು, ಹಿಚುಕಿ, ಒಂದೆರಡು ದಿನ ಹುಳಿಬರಿಸಿ, ತೊಳೆದು ನೆರಳಾಗ ಒಣಗಿಸಿದ್ರ ಮುಂದಿನ ವರ್ಷದ ಬೀಜ ತಯಾರ. ಈ ಕೆಲಸ ಹೆಚ್ಚಾಗಿ ಮನಿ ಹೆಣ್ಣಮಕ್ಕಳದು.

ಬೀಜ ಇಡೋದು ಸಾಧ್ಯ ಆಗಿದ್ದು ಯಾಕಂದ್ರ ಟಮಾಟಿ ಹೂ ತನ್ನಷ್ಟಕ್ಕ ತಾನ ಫಲಾ ಹಿಡಿಯತೈತಿ. ದಿಲ್ಲಿಯ ಪೂಸಾ ರೂಬಿ, ಬೆಂಗಳೂರು ಹೆಸರಘಟ್ಟದ ಸಂಸ್ಥೆಯ ಅರ್ಕಾ ವಿಕಾಸ್, ಅರ್ಕಾ ಸೌರಭ್ ಇವೆಲ್ಲಾ ಅಂಥಾ ತಳಿಗಳು. ಅದರ ಬೀಜ ಹಾಕಿದ್ರ ಅದ ಗಿಡ ಬರತೈತಿ.

ತಿರುವು ಬಂದಿದ್ದು ಹೈಬ್ರಿಡ್‌ನಿಂದ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸುರು ಮಾಡಿದರು. 1973ರಲ್ಲಿ ಅಲ್ಲಿಂದ 'ಕರ್ನಾಟಕ' ಅನ್ನೋ ಹೈಬ್ರಿಡ್ ಟಮಾಟಿ ಹೊರಗ ಬಂತು. ಒಂದೊಂದು ಹೂವಿನ ಗಂಡು ಭಾಗ ಕೈಯಿಂದ ತಗದು, ಬ್ಯಾರೆ ತಳಿಯ ಪರಾಗ ಮುಟ್ಟಿಸಿ ಮಾಡೋ ಈ ಕೆಲಸಕ್ಕ ನಮ್ಮ ಪಕ್ಕದ ರಾಣೆಬೆನ್ನೂರು ಸೀಮೆ ಮುಂದ ದೊಡ್ಡ ಹೆಸರು ಮಾಡಿತು. 1988ರ ಹೊಸ ಬೀಜ ನೀತಿ ಬಂದ ಮ್ಯಾಲೆ ಹೊರದೇಶದ ತರಕಾರಿ ಬೀಜಕ್ಕೂ ಬಾಗಿಲು ತೆರೀತು.

ಹೈಬ್ರಿಡ್ ಹಣ್ಣಿನ ಬೀಜ ಇಟ್ಟು ಹಾಕಿದ್ರ ಒಂದು ಗಿಡ ಒಂದ ನಮೂನಿ, ಇನ್ನೊಂದು ಇನ್ನೊಂದ ನಮೂನಿ. ಹಿಂಗಾಗಿ ಬೀಜ ವರ್ಷಾ ಕೊಳ್ಳಬೇಕು. ಒಂದು ಗ್ರಾಂನ್ಯಾಗ ಸುಮಾರು 300 ಬೀಜ. ಅಂಥಾ ತುಟ್ಟಿ ಬೀಜ ಮಡಿಯೊಳಗ ಚೆಲ್ಲಾಕ ಯಾರಿಗೂ ಧೈರ್ಯ ಸಾಲಲಿಲ್ಲ. ಒಂದ ಬೀಜಕ್ಕ ಒಂದ ಗುಣಿ ಅಂತ 98 ಗುಣಿಯ ಟ್ರೇ, ಕೊಕೊಪಿಟ್, ನೆರಳು ಪರದೆ ಬಂದ್ವು. ಅದರ ಜೋಡಿ ಅಗಿ ನರ್ಸರಿಗೆ ಹೋತು.

ಇದರಾಗ ಲಾಭ ಇಲ್ಲ ಅನ್ನೋದು ತಪ್ಪಾಗತೈತಿ. ಟ್ರೇ ಅಗಿಯ ಬೇರು ಹರಿಯೂದಿಲ್ಲ, ಹೊಲದಾಗ ಸಾಯೋದು ಕಡಿಮಿ. ಹೈಬ್ರಿಡ್ ಇಳುವರಿನೂ ಹೆಚ್ಚು, ಹಣ್ಣು ದೂರದ ಮಾರ್ಕೆಟ್ ತನಕ ತಡೀತಾವ. ಆದ್ರ ಅಗಿಯ ಮೊದಲ 25 ದಿನ ನಮ್ಮ ಕಣ್ಣ ಮುಂದ ಇರಂಗಿಲ್ಲ. ಬ್ಯಾಸಗಿಗೆ ಆ 25 ದಿನನ ಮುಖ್ಯ.

ಯಾಕಂದ್ರ ಬ್ಯಾಸಗ್ಯಾಗ ಬಿಳಿನೊಣ ಹೆಚ್ಚು. ಎಲೆ ಮುರುಟು ರೋಗದ ವೈರಸ್ ಹೊತ್ತ ತರೋದು ಅದ. ಅಗಿ ಇದ್ದಾಗನ ರೋಗ ಹತ್ತಿದ್ರ ಗಿಡ ಗಿಡ್ಡಾಗಿ ನಿಂತು ಬಿಡತೈತಿ, ಆಮ್ಯಾಲೆ ಯಾವ ಎಣ್ಣಿ ಹೊಡದ್ರೂ ವೈರಸ್ ಹೋಗಂಗಿಲ್ಲ. ಅಗಿ ತರುವಾಗ ಹಸರಗ ಚಂದ ಕಂಡ್ರೂ ಒಳಗ ರೋಗ ಇರಬಹುದು. 2023ರ ಜುಲೈನ್ಯಾಗ ಟಮಾಟಿ ಕಿಲೋಕ್ಕ 100 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪೈತಿ. ಆ ವರ್ಷ ಕೋಲಾರದ ಕಡೆ ಬೆಳಿ ಹಾಳು ಮಾಡಿದ್ದರೊಳಗ ಈ ರೋಗದ ಪಾಲೂ ಇತ್ತು.

ಇದಕ್ಕ ನಮ್ಮ ರಾಜ್ಯದಾಗ ಉತ್ತರ ಹುಡುಕ್ಯಾರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2000ದ ಇಸವಿಯ ಆಚೀಚೆ ಈ ರೋಗ ತಡಕೊಳ್ಳೋ ಸಂಕ್ರಾಂತಿ, ನಂದಿ, ವೈಭವ ಅನ್ನೋ ತಳಿ ಮಾಡಿದರು. ಇವು ಹೈಬ್ರಿಡ್ ಅಲ್ಲ, ಬೀಜ ಇಡಾಕ ಬರತೈತಿ. ಇಂಥಾ ತಳಿ ಬಗ್ಗೆ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿನ್ಯಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಾಗ ವಿಚಾರಿಸ್ರಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಪ್ರಕಾರ ನಮ್ಮ ಹೊಲದ ಬೀಜ ಇಡೋದು, ಬಿತ್ತೋದು, ಒಬ್ಬರಿಗೊಬ್ಬರು ಕೊಡೋದು, ಬ್ರ್ಯಾಂಡ್ ಹೆಸರು ಹಾಕದ ಮಾರೋದು ರೈತರ ಹಕ್ಕು.

ಎಲ್ಲಾರೂ ಹೈಬ್ರಿಡ್ ಬಿಡ್ರಿ ಅನ್ನೋದು ನನ್ನ ಮಾತಲ್ಲ. ಹೈಬ್ರಿಡ್ ಬೀಜ ತಂದ್ರೂ ಅಗಿ ಮನ್ಯಾಗ ಮಾಡಬಹುದು. ಹಳೇ ಮಡಿಗೆ ಹೊಸದೊಂದು ಕೂಡಿಸಿದ್ರ ಸಾಕು: ಬೀಜ ಹಾಕಿದ ದಿನದಿಂದನ 50-60 ಮೆಶ್ ನೈಲಾನ್ ಪರದೆ, ಸಂದು ಬಿಡದಂಗ. ಹಚ್ಚೋಕಿಂತ ನಾಕೈದು ದಿನ ಮೊದಲು ನೀರು ಕಡಿಮಿ ಮಾಡಿ ಅಗಿ ಗಟ್ಟಿ ಮಾಡ್ರಿ. ಹೊಲಕ್ಕ ನೀರು ಬಿಟ್ಟು, ಹೊತ್ತು ಇಳಿದ ಮ್ಯಾಲೆ ಹಚ್ಚರಿ. ತಡಾ ಮಾಡಬ್ಯಾಡ್ರಿ, ಹಗಲು 35 ಡಿಗ್ರಿ ದಾಟಿ ರಾತ್ರಿನೂ ಸೆಕಿ ಇದ್ರ ಹೂ ಉದರತಾವ.

ಪೂರಾ ಹೊಲಕ್ಕ ಆಗದಿದ್ರ ಈ ಸಲ ಒಂದು ಮಡಿ ಮಾಡಿ ನೋಡ್ರಿ. ಮನ್ಯಾಗ ಹಿರೇ ಹೆಣ್ಣಮಕ್ಕಳಿದ್ರ ಅವರನ್ನ ಮಡಿ ಹತ್ತಿರ ಕರಕೊಂಡ ಹೋಗಿ ಕೇಳ್ರಿ. ಪುಸ್ತಕದಾಗ ಇಲ್ಲದ್ದು ಅವರಿಗೆ ಬಾಳ ಗೊತ್ತೈತಿ. ಯಾರ ಕಡೆ ಹಳೇ ಹುಳಿ ಟಮಾಟಿ ಬೀಜ ಉಳದಿದ್ರ ತಿಳಸ್ರಿ, ಹಂಚಿಕೊಳ್ಳೋಣ.