ಮುತ್ತು ಹೆಕ್ಕುವವರ ಊಟ, ನನ್ನ ಶುಗರ್ ರಿಪೋರ್ಟು (ಗಲ್ಫ್ ಕಥೆ – ಭಾಗ 9)

ಹೋದ ತಿಂಗಳು ಏನೂ ಬರೆಯಲಿಲ್ಲ, ಸತತ ನೈಟ್ ಡ್ಯೂಟಿ ಇತ್ತು. ಬೈಯಬೇಡಿ.

ಹೋದ ಭಾಗದ ಕೊನೆಯಲ್ಲಿ ನನ್ನ ವರ್ಷದ ಚೆಕಪ್ ರಿಪೋರ್ಟ್ ವಿಷಯ ಒಂದು ಸಾಲು ಬರೆದಿದ್ದೆ. ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 6.2 ಬಂದಿದೆ. 5.7ರಿಂದ 6.4ರ ಒಳಗಿದ್ದರೆ ಹೊಸ್ತಿಲ ಮೇಲೆ ನಿಂತ ಹಾಗೆ, 6.5 ಆದರೆ ಮನೆಯೊಳಗೆ ಹೋದ ಹಾಗೆ. ನನಗೆ ಈಗ 36. ಅಪ್ಪಯ್ಯನಿಗೆ ಶುಗರ್ ಬಂದದ್ದು 52ಕ್ಕೆ.

ಅದನ್ನು ಓದಿ ಬೈಂದೂರಿನ ಚಿಕ್ಕಮ್ಮ ಫೋನ್ ಮಾಡಿ, "ಎಂತ ಮಾರಾಯ್ತಿ, ಎಸಿ ರೂಮು, ಕೈತುಂಬ ಸಂಬಳ, ಬೇಕಾದ್ದು ತಿನ್ನಬಹುದು, ನೀನೇ ನರ್ಸು ಬೇರೆ. ನಿಂಗೆ ಎಂತಕ್ಕೆ ಶುಗರ್?" ಎಂದು ಕೇಳಿದರು. ಚಿಕ್ಕಮ್ಮ, ನೀವು ಹೇಳಿದ ಆ ಮೂರು ಕಾರಣಗಳಿಂದಲೇ ಈ ದೇಶಕ್ಕೆ ಶುಗರ್ ಬಂದದ್ದು. ಆ ಕಥೆಯನ್ನೇ ಇವತ್ತು ಬರೆಯುತ್ತೇನೆ. ಕೊನೆಯಲ್ಲಿ ಮನೆಯವರಿಗೆ ಒಂದು ವಿಷಯ ಹೇಳುವುದಿದೆ, ಅದಕ್ಕಾಗಿ ಪೂರ್ತಿ ಓದಿ.

ದುಬೈಯ ಬರ್ ದುಬೈ ಕಡೆ ಅಲ್ ಫಹೀದಿ ಕೋಟೆ ಇದೆ. ನಾನು ಬಂದ ಹೊಸತರಲ್ಲಿ ಅಲ್ಲಿನ ಮ್ಯೂಸಿಯಂ ನೋಡಲು ಹೋಗಿದ್ದೆ. ಮುತ್ತು ಹೆಕ್ಕುವವರ ಸಾಮಾನುಗಳನ್ನು ಇಟ್ಟಿದ್ದರು. ಮೂಗಿಗೆ ಹಾಕಿಕೊಳ್ಳುವ ಚಿಮಟ, ಅದಕ್ಕೆ ಇಲ್ಲಿ ಫಿತಾಮ್ ಅನ್ನುತ್ತಾರೆ. ಕಾಲಿಗೆ ಕಟ್ಟುವ ಕಲ್ಲು. ಕುತ್ತಿಗೆಗೆ ತೂಗುಹಾಕುವ ಬಲೆಯ ಚೀಲ. ಎಣ್ಣೆ ಸಿಗುವ ಮೊದಲು ಈ ಕರಾವಳಿಯ ಬದುಕು ನಿಂತದ್ದು ಇದರ ಮೇಲೆ. ಬೇಸಿಗೆಯ ನಾಲ್ಕು ತಿಂಗಳು, ಹೆಚ್ಚುಕಡಿಮೆ ಜೂನಿನಿಂದ ಸೆಪ್ಟೆಂಬರ್, ಗಂಡಸರೆಲ್ಲ ಸಮುದ್ರದಲ್ಲಿ. ಒಬ್ಬ ಮುಳುಗುತ್ತಾನೆ, ಮೇಲಿನವನು ಹಗ್ಗ ಎಳೆಯುತ್ತಾನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತಾರು ಸಲ.

ಅವರು ತಿನ್ನುತ್ತಿದ್ದದ್ದು ಕೇಳಿ. ಬೆಳಿಗ್ಗೆ ಸ್ವಲ್ಪ ಖರ್ಜೂರ, ಕಾಫಿ. ಹೊಟ್ಟೆ ತುಂಬಿದ್ದರೆ ಮುಳುಗಲು ಆಗುವುದಿಲ್ಲ, ಹಾಗಾಗಿ ಹಗಲಿಡೀ ಅಷ್ಟೆ. ಸೂರ್ಯ ಮುಳುಗಿದ ಮೇಲೆ ಅನ್ನ, ಮೀನು. ಅಕ್ಕಿ ಬರುತ್ತಿದ್ದದ್ದು ಸಮುದ್ರದಾಚೆಯಿಂದ, ನಮ್ಮ ಕಡೆಯಿಂದಲೇ. ಮುತ್ತು ಹೋಗುತ್ತಿದ್ದದ್ದು ಬೊಂಬಾಯಿಗೆ. ಇಲ್ಲಿ ವ್ಯವಹಾರಕ್ಕೆ ರೂಪಾಯಿಯೇ ನಡೆಯುತ್ತಿತ್ತು, 1966ರವರೆಗೂ. ಅಂದರೆ ಒಂದು ಕಾಲದಲ್ಲಿ ಇಲ್ಲಿಯವರು ನಮ್ಮ ದುಡ್ಡನ್ನು ಎಣಿಸುತ್ತಿದ್ದರು. ಈಗ ನಾವು ಪ್ರತಿ ತಿಂಗಳು ಒಂದನೇ ತಾರೀಕು ದಿರ್ಹಂ ರೇಟು ನೋಡುತ್ತೇವೆ.

ಇವತ್ತು ಜಿಮ್ ಟ್ರೈನರ್‌ಗಳು ಸಾವಿರಗಟ್ಟಲೆ ತೆಗೆದುಕೊಂಡು ಹೇಳಿಕೊಡುವ 'ಹದಿನಾರು ಗಂಟೆ ಉಪವಾಸ, ಸಂಜೆ ಊಟ' ಅವರಿಗೆ ಪುಕ್ಕಟೆ ಇತ್ತು ಎಂದು ತಮಾಷೆ ಮಾಡಬಹುದು. ಆದರೆ ಅದು ಆರೋಗ್ಯದ ಊಟ ಆಗಿರಲಿಲ್ಲ. ಹಸಿ ತರಕಾರಿ ಇಲ್ಲ, ಹಣ್ಣಿಲ್ಲ. ಮುತ್ತಿನ ಹಡಗುಗಳಲ್ಲಿ ಸ್ಕರ್ವಿ, ಅಂದರೆ ವಿಟಮಿನ್ ಸಿ ಇಲ್ಲದೆ ವಸಡಿನಿಂದ ರಕ್ತ ಬರುವ ಕಾಯಿಲೆ, ಮಾಮೂಲಿ. ಉಪ್ಪುನೀರಿಗೆ ಚರ್ಮದ ಹುಣ್ಣು, ಕಿವಿ ಸೋರುವುದು, ಕಣ್ಣು ಹಾಳಾಗುವುದು. ಜೊತೆಗೆ ಸಾಲ. ಸೀಸನ್ ಶುರುವಾಗುವ ಮೊದಲು ನಖುದಾ, ಅಂದರೆ ಹಡಗಿನ ಯಜಮಾನ, ಮನೆಖರ್ಚಿಗೆ ಮುಂಗಡ ಕೊಡುತ್ತಿದ್ದ. ಅದು ತೀರದಿದ್ದರೆ ಮುಂದಿನ ವರ್ಷಕ್ಕೆ, ಅಪ್ಪ ಸತ್ತರೆ ಮಗನ ತಲೆಗೆ. ಏಜೆಂಟನಿಗೆ ಕೊಟ್ಟ ದುಡ್ಡಿನ ಸಾಲ ತೀರಿಸಲು ನನಗೆ ಹಿಡಿದದ್ದು ಎರಡು ವರ್ಷ. ಮ್ಯೂಸಿಯಮ್ಮಿನಲ್ಲಿ ಆ ಗೊಂಬೆಗಳ ಮುಂದೆ ನಿಂತಾಗ ನೆನಪಾದದ್ದು ಅದೇ.

1930ರ ಹೊತ್ತಿಗೆ ಜಪಾನಿನ ಕೃಷಿ ಮುತ್ತು ಬಂತು, ಜಗತ್ತಿನಲ್ಲೆಲ್ಲ ವ್ಯಾಪಾರ ಕುಸಿಯಿತು. ಎರಡೂ ಒಟ್ಟಿಗೆ ಬಂದು ಇಲ್ಲಿಯವರ ಹೊಟ್ಟೆಗೆ ಹೊಡೆತ. ಯುದ್ಧದ ಕಾಲದಲ್ಲಿ ಅಕ್ಕಿ, ಸಕ್ಕರೆ ರೇಷನ್. ಅಜ್ಜ ಹೇಳುತ್ತಿದ್ದ ನಮ್ಮೂರಿನ ಗಂಜಿ ತಿಳಿಯ ಕಾಲವೂ ಅದೇ.

ಈಗ ನನಗೆ ತುಂಬ ಇಷ್ಟವಾದ ಭಾಗ. ದುಬೈಯಲ್ಲಿ ಅಲ್ ಮಕ್ತೂಮ್ ಆಸ್ಪತ್ರೆ ಶುರುವಾದದ್ದು 1951ರಲ್ಲಿ. ಅಬುಧಾಬಿಗೆ ಸೇರಿದ ಅಲ್ ಐನ್‌ನಲ್ಲಿ ಮೊದಲ ಆಸ್ಪತ್ರೆ 1960ರಲ್ಲಿ, ಪ್ಯಾಟ್ ಮತ್ತು ಮರಿಯನ್ ಕೆನಡಿ ಎಂಬ ಅಮೆರಿಕದ ಡಾಕ್ಟರ್ ದಂಪತಿ ಬಂದು ಶುರು ಮಾಡಿದ್ದು. ಆಗ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಉಳಿಯುತ್ತಿರಲಿಲ್ಲ ಎಂದು ಆ ಆಸ್ಪತ್ರೆಯವರು ಹೇಳುತ್ತಾರೆ. 1962ರಲ್ಲಿ ಅಲ್ಲಿಗೆ ಕೆನಡಾದಿಂದ ಒಬ್ಬ ನರ್ಸ್ ಬಂದರು, ಗರ್ಟ್ರೂಡ್ ಡಿಕ್. ಬಂದವರು ಮೂವತ್ತೆಂಟು ವರ್ಷ ಇದ್ದರು. ಊರವರು ಅವರನ್ನು 'ಡಾಕ್ಟೋರಾ ಲತೀಫಾ' ಎಂದೇ ಕರೆದರು. ನರ್ಸನ್ನು ಡಾಕ್ಟರ್ ಎಂದು ಕರೆದ ಊರು! ನಮ್ಮ ವಾರ್ಡಿನಲ್ಲಿ ಕೆಲವರು ಇನ್ನೂ ನಮ್ಮನ್ನು ಬೆರಳು ಚಿಟಿಕೆ ಹೊಡೆದು ಕರೆಯುತ್ತಾರೆ, ಅದು ಬೇರೆ ಮಾತು. ಲತೀಫಾ ಅವರು ಎದುರಿಸಿದ್ದು ಕ್ಷಯ, ಮಲೇರಿಯಾ, ಬಾಣಂತಿ ಸಾವು, ಸೊರಗಿದ ಮಕ್ಕಳು. ನನ್ನ ವಾರ್ಡಿನಲ್ಲಿ ಇರುವುದು ಅದರ ಉಲ್ಟಾ: ಶುಗರಿನ ಕಾಲುಹುಣ್ಣು, ಕಿಡ್ನಿ, ಹಾರ್ಟು. ನಡುವೆ ಇರುವುದು ಅರವತ್ತು ವರ್ಷ ಅಷ್ಟೇ.

ಏನಾಯಿತು ಅಂದರೆ ಎಣ್ಣೆ ಬಂತು. ಅಬುಧಾಬಿ 1962ರಲ್ಲಿ ಮೊದಲ ಸಲ ಎಣ್ಣೆ ಹೊರಗೆ ಕಳಿಸಿತು, ದುಬೈ 1969ರಲ್ಲಿ. 1971ರ ಡಿಸೆಂಬರ್ 2ರಂದು ದೇಶವಾಯಿತು. ಒಂಟೆಯ ಜಾಗಕ್ಕೆ ಕಾರು, ಖರ್ಜೂರದ ಗರಿಯ ಮನೆಯ ಜಾಗಕ್ಕೆ ಎಸಿ. ಅಕ್ಕಿಗೆ, ಸಕ್ಕರೆಗೆ ಬರವಿಲ್ಲ. ಹೊಟ್ಟೆಗೆ ಇಲ್ಲದೆ ದೊಡ್ಡವಳಾದ ಅಜ್ಜಿ ಮೊಮ್ಮಕ್ಕಳಿಗೆ ಬೇಡ ಅನ್ನುತ್ತಾಳಾ? ನಮ್ಮ ಅಜ್ಜಿ ಎಂದಾದರೂ ಅಂದಿದ್ದಾಳಾ? 2007ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಲೆಕ್ಕ ಹಾಕಿದಾಗ ಶುಗರಿನಲ್ಲಿ ಜಗತ್ತಿಗೇ ಎರಡನೇ ಸ್ಥಾನ ಈ ದೇಶಕ್ಕೆ, ದೊಡ್ಡವರಲ್ಲಿ ಶೇ 19.5. ಮೊದಲನೆಯದು ನೌರು ಎಂಬ ಪುಟ್ಟ ದ್ವೀಪ. ಅಲ್ಲಿಯೂ ಇದೇ ಕಥೆ, ಅಲ್ಲಿ ಎಣ್ಣೆಯ ಬದಲು ಫಾಸ್ಫೇಟ್ ಗೊಬ್ಬರದ ದುಡ್ಡು.

ಸರ್ಕಾರ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಲೇಬೇಕು. 2008ರಲ್ಲಿ ಅಬುಧಾಬಿಯಲ್ಲಿ 'ವಿಕಾಯ' ಎಂಬ ಕಾರ್ಯಕ್ರಮ ಬಂತು, ಅರಬ್ಬಿಯಲ್ಲಿ ತಡೆಗಟ್ಟುವುದು ಅಂತ ಅರ್ಥ. ಅಲ್ಲಿಯ ಪ್ರಜೆಗಳಿಗೆ ಇನ್ಶೂರೆನ್ಸ್ ಕಾರ್ಡ್ ಕೊಡುವಾಗಲೇ ಬಿಪಿ, ಶುಗರ್, ಸೊಂಟದ ಸುತ್ತಳತೆ ಎಲ್ಲ ನೋಡಿಬಿಟ್ಟರು. ಇದು ಬಹಳ ಜಾಣ ಕೆಲಸ. ಕಾಯಿಲೆಯಿದೆ ಎಂದು ಆಸ್ಪತ್ರೆಗೆ ಬಂದವರನ್ನಲ್ಲ, ಕಾರ್ಡು ಬೇಕೆಂದು ಬಂದವರನ್ನು ಪರೀಕ್ಷೆ ಮಾಡಿದ್ದು.

2013ರ ರಂಜಾನಿನಲ್ಲಿ ದುಬೈ ಮುನಿಸಿಪಾಲಿಟಿ ಮಾಡಿದ್ದನ್ನು ಕೇಳಿದರೆ ನಗುತ್ತೀರಿ: ಒಂದು ಕಿಲೋ ತೂಕ ಇಳಿಸಿದರೆ ಒಂದು ಗ್ರಾಂ ಚಿನ್ನ! ಕನಿಷ್ಠ ಎರಡು ಕಿಲೋ ಇಳಿಸಬೇಕು. ಊರಿನಲ್ಲಿ ಹೀಗೊಂದು ಸ್ಕೀಮ್ ಇಟ್ಟರೆ ಮದುವೆ ಸೀಸನ್ನಿಗೆ ಮುಂಚೆ ಎಷ್ಟು ಅತ್ತೆಯಂದಿರು ಓಡುತ್ತಿದ್ದರೋ. 2017ರ ಅಕ್ಟೋಬರ್ 1ರಂದು ಪೆಪ್ಸಿ, ಕೋಕ್‌ನಂಥ ಸೋಡಾ ಪಾನೀಯಗಳಿಗೆ ಶೇ 50, ಎನರ್ಜಿ ಡ್ರಿಂಕಿಗೆ ಶೇ 100 ತೆರಿಗೆ ಹಾಕಿದರು. ಅದೇ ತಿಂಗಳು ದುಬೈಯ ರಾಜಕುಮಾರ ಶೇಖ್ ಹಮ್ದಾನ್ ಅವರು ಫಿಟ್ನೆಸ್ ಚಾಲೆಂಜ್ ಶುರು ಮಾಡಿದರು, ಮೂವತ್ತು ದಿನ ದಿನಕ್ಕೆ ಮೂವತ್ತು ನಿಮಿಷ. 2019ರಿಂದ ವರ್ಷಕ್ಕೊಂದು ದಿನ ಶೇಖ್ ಝಾಯೆದ್ ರಸ್ತೆಯನ್ನು ಓಡುವವರಿಗೆ ಬಿಟ್ಟುಕೊಡುತ್ತಾರೆ. ಆ ರಸ್ತೆಯಲ್ಲಿ ಕಾಲಿಟ್ಟು ನಡೆಯುವುದು ಅಂದರೆ ಏನು ಎಂದು ಅಲ್ಲಿ ಬಸ್ಸಿಗೆ ಕಾದವರಿಗೇ ಗೊತ್ತು. 2025ರ ಆಗಸ್ಟಿನಲ್ಲಿ ಸೆಕೆಗೆ ಹೊರಗೆ ಹೋಗಲಾಗದವರಿಗಾಗಿ ಬೆಳಿಗ್ಗೆ 7ರಿಂದ 10ರವರೆಗೆ ದೊಡ್ಡ ಮಾಲ್‌ಗಳನ್ನು ವಾಕಿಂಗಿಗೆ ತೆರೆದರು. ಪುಕ್ಕಟೆ.

ಪುಕ್ಕಟೆ, ಸರಿ. ಬೆಳಿಗ್ಗೆ 7ಕ್ಕೆ ನಾನು ಎಲ್ಲಿರುತ್ತೇನೆ? ಹನ್ನೆರಡು ಗಂಟೆ ನೈಟ್ ಮುಗಿಸಿ ಹ್ಯಾಂಡೋವರ್ ಕೊಡುತ್ತಿರುತ್ತೇನೆ.

ದುಬೈಯಲ್ಲಿ ಮೊದಲು ನಾನಿದ್ದ ಒಂದು ಕ್ಲಿನಿಕ್ಕಿನಲ್ಲಿ ಸ್ಪ್ಲಿಟ್ ಡ್ಯೂಟಿ. 9ರಿಂದ 1, ಮತ್ತೆ ಸಂಜೆ 5ರಿಂದ 9. ಬಿಸಿಲಿಗೆ ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವ ಹಳೇ ಪದ್ಧತಿಯ ಬಾಲ ಅದು. ಮನೆ ಪಕ್ಕದಲ್ಲಿದ್ದವರಿಗೆ ಅನುಕೂಲ. ರೂಮು ಒಂದು ಗಂಟೆ ದೂರ ಇದ್ದ ನಮಗೆ ಬಸ್ಸಿನಲ್ಲೇ ನಾಲ್ಕು ಗಂಟೆ. ಆರು ಜನಕ್ಕೆ ಒಂದು ಅಡುಗೆಮನೆ, ಒಲೆಗೆ ಸರದಿ. ಸರದಿ ತಪ್ಪಿದರೆ ಕೆಳಗಿನ ಕೆಫೆಟೇರಿಯಾದ ಪರೋಟ, ಒಂದು ದಿರ್ಹಮ್ಮಿನ ಕರಕ್ ಚಹಾ. ಕರಕ್ ಅಂದರೆ ನಮ್ಮ 'ಕಡಕ್' ಚಾಯೇ. ನಮ್ಮ ಕಡೆಯವರು ತಂದದ್ದು ಇಲ್ಲಿಯವರ ಬಾಯಲ್ಲಿ ಕರಕ್ ಆಯಿತು, ಡಬ್ಬಿ ಹಾಲು ಸೇರಿತು, ಸಕ್ಕರೆ ಹೆಚ್ಚಾಯಿತು. ದಿನಕ್ಕೆ ನಾಲ್ಕು ಕುಡಿಯುತ್ತಿದ್ದೆ. ಸೋಡಾಕ್ಕೆ ತೆರಿಗೆ ಹಾಕಿದವರು ಕರಕ್ಕಿಗೆ ಹಾಕಲಿಲ್ಲವಲ್ಲ ಎಂದು ಈಗ ಅನಿಸುತ್ತದೆ. ಹಾಕಿದ್ದರೆ ಆಗ ನಾನೇ ಬೈಯುತ್ತಿದ್ದೆ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಹೊರಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ತಿಂಗಳುಗಳನ್ನು ನೋಡಿ, ಮುತ್ತಿನ ಸೀಸನ್ನೂ ಅವೇ. ಕಟ್ಟಡ ಕೆಲಸದ ಹುಡುಗರು ನಮ್ಮಲ್ಲಿಗೆ ಬರುವಾಗ ಅವರಿಗೆ 'ವ್ಯಾಯಾಮ ಮಾಡಿ' ಎಂಬ ಕಾಗದ ಕೊಡಲು ನನಗೆ ನಾಚಿಕೆಯಾಗುತ್ತದೆ. ಹತ್ತು ಗಂಟೆ ಸಿಮೆಂಟ್ ಹೊತ್ತವನಿಗೆ ಎಂತ ವ್ಯಾಯಾಮ? ಅವನಿಗೆ ಬೇಕಾದದ್ದು ತರಕಾರಿ, ನಿದ್ದೆ. ಮೈ ದಣಿದರೂ ಶುಗರ್ ಬರುತ್ತದೆ ಎಂದು ಅವರನ್ನು ನೋಡಿಯೇ ನನಗೆ ಅರ್ಥವಾದದ್ದು. ಇನ್ನೊಂದು, ನಮ್ಮ ದೇಶದವರಿಗೆ ತೂಕದ ಲೆಕ್ಕವೇ ಬೇರೆ. ಯುರೋಪಿನವರಿಗೆ ಬಿಎಂಐ 25 ದಾಟಿದರೆ ಎಚ್ಚರಿಕೆ, ನಮಗೆ 23ಕ್ಕೇ. 'ನೀನು ದಪ್ಪ ಇಲ್ಲವಲ್ಲ' ಎಂದು ಸಮಾಧಾನ ಹೇಳಿದ ಗೆಳತಿಯರೇ, ನನ್ನದು 26.

ಈಗ ದುಡ್ಡಿನ ವಿಷಯ. ಊರಲ್ಲಿ ಒಂದೆಲಗ ತೋಡಿನ ಬದಿಯಲ್ಲಿ ಸಿಗುತ್ತದೆ, ಬಸಳೆ ಚಪ್ಪರದಲ್ಲಿ. ಇಲ್ಲಿ ಬಸಳೆ ವಿಮಾನದಲ್ಲಿ ಬರುತ್ತದೆ. ಒಂದು ಸಣ್ಣ ಕಟ್ಟಿನ ದುಡ್ಡಿಗೆ ಹೊಟ್ಟೆ ತುಂಬ ಪರೋಟ ಬರುತ್ತದೆ. ಲೆಕ್ಕ ಬರೆದಿಟ್ಟು ನೋಡಿದೆ. ಹೊರಗಿನ ಊಟ ಬಿಟ್ಟು, ವಾರಕ್ಕೊಮ್ಮೆ ಮೀನಾ ಝಾಯೆದ್ ಮಾರುಕಟ್ಟೆಯಿಂದ ತರಕಾರಿ, ಮೀನು ತಂದು ಮಾಡಿದರೆ, ಜೊತೆಗೆ ರೂಮಿನ ಹತ್ತಿರದ ಹೆಂಗಸರ ಜಿಮ್ ಸೇರಿದರೆ, ಈಗಿನದಕ್ಕಿಂತ ತಿಂಗಳಿಗೆ 400 ದಿರ್ಹಂ ಹೆಚ್ಚು ಬೇಕು. ನಮ್ಮ ದುಡ್ಡಿನಲ್ಲಿ ಒಂಬತ್ತು ಸಾವಿರದ ಮೇಲೆ. ಒಂಬತ್ತು ಸಾವಿರ ಅಂದರೆ ನಮ್ಮ ಮನೆಯಲ್ಲಿ ಏನು ಎಂದು ನನಗೆ ಗೊತ್ತು. ತಮ್ಮನ ಕಾಲೇಜು ಬಸ್ಸು, ಅಪ್ಪಯ್ಯನ ಮಾತ್ರೆ, ಸೊಸೈಟಿ ಸಾಲದ ಕಂತಿನ ಅರ್ಧ.

ಇದನ್ನು ಫೋನಿನಲ್ಲಿ ಹೇಳಲು ಮೂರು ಸಲ ಹೊರಟೆ, ಮೂರು ಸಲವೂ 'ಊಟ ಆಯ್ತಾ' ಎಂದು ಕೇಳಿ ಇಟ್ಟೆ. ಅದಕ್ಕೇ ಇಲ್ಲಿ, ಎಲ್ಲರ ಎದುರು ಬರೆಯುತ್ತಿದ್ದೇನೆ, ಆಮೇಲೆ ಹಿಂದೆ ಸರಿಯಬಾರದು ಅಂತ: ಮುಂದಿನ ತಿಂಗಳಿನಿಂದ 400 ದಿರ್ಹಂ ಕಡಿಮೆ ಕಳಿಸುತ್ತೇನೆ. ಮೇಲಿನ ಮಹಡಿಯ ಕೆಲಸ ಈ ಮಳೆಗಾಲದ ಮುಂಚೆ ಮುಗಿಯುವುದಿಲ್ಲ. ಚಿಕ್ಕಮ್ಮ, ದಯವಿಟ್ಟು ಅಮ್ಮನಿಗೆ 'ಮಗಳು ಜಿಮ್ಮಿಗೆ ದುಡ್ಡು ಹಾಕುತ್ತಿದ್ದಾಳೆ' ಎಂದು ಮಾತ್ರ ಹೇಳಬೇಡಿ. 6.2 ಎಂಬುದನ್ನೂ ಹೇಳಿ. ಅಪ್ಪಯ್ಯನ ಕಾಲಿನ ಗಾಯಕ್ಕೆ ಎಂಟು ತಿಂಗಳು ಡ್ರೆಸ್ಸಿಂಗ್ ಮಾಡಿಸಿದ್ದು ಅಮ್ಮನಿಗೆ ನೆನಪಿರುತ್ತದೆ.

ಮಂಗಳವಾರ ಸಂಜೆ ನನಗೆ ಆಫ್ ಇತ್ತು. ಅಬುಧಾಬಿಯಲ್ಲಿ ಯಾಸ್ ದ್ವೀಪದ ಫಾರ್ಮುಲಾ ಒನ್ ಕಾರು ರೇಸಿನ ಟ್ರ್ಯಾಕ್ ಇದೆಯಲ್ಲ, ಅದನ್ನು ಮಂಗಳವಾರ ಸಂಜೆ ನಡೆಯುವವರಿಗೆ, ಓಡುವವರಿಗೆ, ಸೈಕಲಿನವರಿಗೆ ಪುಕ್ಕಟೆ ಬಿಡುತ್ತಾರೆ. ವಾರ್ಡಿನ ಕಾಸರಗೋಡಿನ ಹುಡುಗಿಯನ್ನು ಕರೆದುಕೊಂಡು ಹೋದೆ. ಒಂದು ಸುತ್ತು ಐದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದ ಕಾರುಗಳು ಒಂದೂವರೆ ನಿಮಿಷದಲ್ಲಿ ಸುತ್ತುವುದನ್ನು ನಾವಿಬ್ಬರು ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸಿದೆವು. ಮಧ್ಯದಲ್ಲಿ ಎರಡು ಸಲ ಕೂತೆವು. ಬರುವಾಗ ಅವಳು ಕರಕ್ ಕುಡಿಯೋಣ ಎಂದಳು. ನಾನು ಸಕ್ಕರೆ ಇಲ್ಲದ್ದು ಕೇಳಿದೆ. ಅಂಗಡಿಯವನಿಗೆ ನಾನು ಹೇಳಿದ್ದು ಅರ್ಥವಾಗಲಿಲ್ಲ, ಎರಡು ಸಲ ಹೇಳಬೇಕಾಯಿತು.