ಜೋಡಿನ ಕಸುಬು ಮತ್ತು ನಮ್ಮ ಕಾಡಿನ ಅಳಲೆಕಾಯಿ

ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅಡಿಕೆ, ಏಲಕ್ಕಿ, ಜೇನಿನ ಇತಿಹಾಸ ಬರೆಯುವವರು ಬಹಳ ಜನ ಇದ್ದಾರೆ. ಯಾರೂ ಅಷ್ಟಾಗಿ ಬರೆಯದ ಒಂದು ಕಸುಬಿನ ವಿಚಾರವನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಉಚಿತವೆಂದು ತೋರಿತು. ಅದು ಕೈಯಿಂದ ಜೋಡು ಹೊಲಿಯುವ ಕಸುಬು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಿನ ಅಳಲೆಕಾಯಿ ನಮಗೆಲ್ಲ ಗೊತ್ತು. ಮನೆಯಲ್ಲಿ ಅದು ಕೆಮ್ಮಿನ ಔಷಧ. ಆದರೆ ಬ್ರಿಟಿಷರ ಕಾಲದಿಂದಲೂ ಪೇಟೆಯಲ್ಲಿ ಅದಕ್ಕೆ ಬೆಲೆ ಬಂದದ್ದು ಮುಖ್ಯವಾಗಿ ತೊಗಲು ಹದ ಮಾಡಲಿಕ್ಕೆ. ಕಾಯಿಯ ಒಗರು ತೊಗಲನ್ನು ಕೊಳೆಯಗೊಡುವುದಿಲ್ಲ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಇದೇ ಹದ.

ಮುಂದಿನದು ಅಳತೆ. ಗಿರಾಕಿಯ ಕಾಲು ಇಡಿಸಿ ಸುತ್ತ ಗೆರೆ ಎಳೆಯುತ್ತಾರೆ. ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ. ಯಾಕಂದ್ರೆ ಒಬ್ಬನದೇ ಎರಡು ಕಾಲೂ ಒಂದೇ ಸಮ ಇರೋದಿಲ್ಲ. ಎಮ್ಮೆ ಚರ್ಮದ ಅಟ್ಟೆ ಕೊಯ್ದು, ಮೊಳೆ ಹೊಡೆಯದೆ ಚರ್ಮದ ದಾರದಿಂದಲೇ ಹೊಲಿದು, ಉಂಗುಷ್ಟ ಕೂರಿಸಬೇಕು. ಮೇಲಿನ ಪಟ್ಟಿಯ ಹೆಣಿಗೆಯಲ್ಲಿ ಹೆಂಗಸರ ಕೈಕೆಲಸ ಬಹಳ. ಮಲೆನಾಡಿನ ಮಳೆಗೆ ಮಾತ್ರ ಈ ಜೋಡು ಆಗಿಬರೋದಿಲ್ಲ. ನೆನೆದರೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ.

12ನೇ ಶತಮಾನದಲ್ಲಿ ಕಲ್ಯಾಣದ ಶರಣ ಹರಳಯ್ಯನವರು ಇದೇ ಕಸುಬಿನವರು. 1934ರಲ್ಲಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದ ಗಾಂಧೀಜಿಯವರೂ ಜೋಡು ಹೊಲಿಯಬಲ್ಲವರಾಗಿದ್ದರು. ದಕ್ಷಿಣ ಆಫ್ರಿಕಾದ ಜೈಲಿನಲ್ಲಿ ತಾವೇ ಹೊಲಿದ ಜೋಡನ್ನು 1914ರಲ್ಲಿ ಜನರಲ್ ಸ್ಮಟ್ಸ್‌ಗೆ ಕೊಟ್ಟರು. ಜೈಲಿಗೆ ಹಾಕಿದವನ ಕಾಲಿಗೇ ಜೋಡು! ಇಷ್ಟಾದರೂ ಎಷ್ಟೋ ಹಳ್ಳಿಗಳಲ್ಲಿ ಜೋಡು ಹೊಲಿದವನೇ ದೊಡ್ಡವರ ಮನೆ ಮುಂದೆ ಜೋಡು ಮೆಟ್ಟಿ ನಡೆಯುವ ಹಾಗಿರಲಿಲ್ಲ. ಇದೂ ನಮ್ಮ ಇತಿಹಾಸವೇ, ಮುಚ್ಚಿಡಬಾರದು.

ಆಮೇಲೆ ರಬ್ಬರು, ಪ್ಲಾಸ್ಟಿಕ್ಕು ಬಂದವು. ಕಸುಬುದಾರರ ನೆರವಿಗೆಂದು 1976ರಲ್ಲಿ ಸರ್ಕಾರ ಲಿಡ್ಕರ್ ನಿಗಮ ಸ್ಥಾಪಿಸಿತು. 2019ರಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಮತ್ತು ಮಹಾರಾಷ್ಟ್ರದ 4 ಜಿಲ್ಲೆಗಳ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ದೊರೆಯಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದಲ್ಲಿ ಅದೇ ಮಾದರಿಯ ಜೋಡು ಪ್ರದರ್ಶಿಸಿತು. ನಮ್ಮವರ ಹೆಸರು ಎತ್ತಿದ್ದು ಗಲಾಟೆಯಾದ ಮೇಲೆ.

ಹೆಸರು ಬಂತು, ಆದರೆ ದುಡ್ಡು? ಸಾಲದ ಮೇಲೆ ಚರ್ಮ ತಂದು, ಸಾಲ ಕೊಟ್ಟವನಿಗೇ ಅವನು ಹೇಳಿದ ದರಕ್ಕೆ ಜೋಡು ಕೊಟ್ಟರೆ ಕಸುಬು ಉಳಿಯುವುದು ಹೇಗೆ? ಅಡಿಕೆ ಬೆಳೆಗಾರರೂ ಒಂದು ಕಾಲಕ್ಕೆ ಹೀಗೇ ಇದ್ದರು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಮೊದಲಾದ ಸಹಕಾರ ಚಳವಳಿ ನಮ್ಮನ್ನು ಎತ್ತಿ ನಿಲ್ಲಿಸಿತು. ಸಾಲ, ಕಚ್ಚಾಮಾಲು, ಮಾರಾಟ ಈ ಮೂರೂ ಒಂದೇ ಸೂರಿನಡಿ ಸಿಕ್ಕರೆ ಯಾವ ಕಸುಬೂ ಬದುಕುತ್ತದೆ. ತೋಟವಿಲ್ಲದ ಕುಶಲಕರ್ಮಿಯೂ ಸಂಘದ ಷೇರುದಾರನಾಗಿ ನಮ್ಮ ಸಭೆಯಲ್ಲಿ ಸರಿಸಮ ಕೂರಲಿ. ಬೆಳ್ಳಿಹಬ್ಬದ ಮುಂದಿನ ಹೆಜ್ಜೆ ಇದಾಗಲೆಂದು ಹಾರೈಸುತ್ತೇನೆ.